ಕಂಡವಳು ನಾನೊಬ್ಬಳೇ

ಕೈ ಮುರಿದ ಮಗುವನ್ನು ಡಾಕ್ಟರ ಮುಂದೆ ಕೂರಿಸಿದರೆ ಮುರಿದ ಕೈ ಅವರ ಕಣ್ಣೆದುರಿಗೇ ಇರುತ್ತದೆ. ಫಿಟ್ಸ್ ಹಾಗಲ್ಲ. ಅದು ಬಂದು ಹೋದಮೇಲೆ ಮಗು ಒಂದು ನಿದ್ದೆ ತೆಗೆದು, ಎದ್ದು, ತಿಂಡಿ ಕೇಳುತ್ತದೆ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಡಾಕ್ಟರಿಗೆ ಕಾಣುವುದು ಚೆನ್ನಾಗಿರುವ ಮಗು. ಅದಕ್ಕೇ ಅವರು ಮೊದಲು ಕೇಳುವ ಮಾತು, ‘ನೋಡಿದ್ದು ಯಾರು?’ ನೋಡಿದವರು ಏನು ಹೇಳುತ್ತಾರೋ ಅದೇ ಅರ್ಧ ಪರೀಕ್ಷೆ. ನನ್ನ ಮೊಮ್ಮಗಳ ವಿಷಯದಲ್ಲಿ ನೋಡಿದವಳು ನಾನು. ಒಂದು ವರ್ಷ ನೋಡಿದ್ದೆ. ಡಾಕ್ಟರು ಕೇಳಿದಾಗ ಇಲ್ಲ ಅಂದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಓದಿಲ್ಲದ ಮುದುಕಿ, ಅದಕ್ಕೇ ಹೀಗಾಯಿತು ಅಂತ ಯಾರೂ ಅಂದುಕೊಳ್ಳಬೇಕಾಗಿಲ್ಲ. ನಾನು ದೆವ್ವ ಅನ್ನಲಿಲ್ಲ, ತಾಯತ ಕಟ್ಟಿಸಲಿಲ್ಲ. ಗೌರಿಬಿದನೂರಿನ ಕಡೆ ಯಾರೋ ಬರೆ ಹಾಕಿ ವಾಸಿ ಮಾಡ್ತಾರಂತೆ ಅಂತ ಪಕ್ಕದ ಮನೆಯವಳು ಹೇಳಿದಾಗ, "ಮೊದ್ಲು ನೀನು ಹಾಕಿಸ್ಕೊಂಡು ಬಾ, ಆಮೇಲೆ ನೋಡಣ" ಅಂದವಳು ನಾನೇ. ನನ್ನ ತಪ್ಪು ಬೇರೆ. ಅದನ್ನು ಓದಿದವರೂ ಮಾಡಬಹುದು.

ನಮ್ಮದು ಮೇಲೂರಿಗೆ ಹತ್ತಿರದ ಹಳ್ಳಿ. ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಮನೆ, ಅದರಾಚೆ ಹಿಪ್ಪುನೇರಳೆ ತೋಟ. ತೋಟ ಮಗನದು. ಸೊಸೆ ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹುಳುವಿನ ಮನೆ ನನ್ನದು. ಅಲ್ಲಿಗೆ ಪೌಡರ್ ಹಾಕಿಕೊಂಡವರು, ಬೀಡಿ ಸೇದಿದವರು, ಕಾಲು ತೊಳೆಯದವರು ಯಾರೂ ಕಾಲಿಡುವ ಹಾಗಿಲ್ಲ; ಮಗನೇ ಆದರೂ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಒಳಗೆ ನನ್ನ ಜೊತೆ ಬರುತ್ತಿದ್ದವಳು ಮೊಮ್ಮಗಳು ಒಬ್ಬಳೇ. ಆಗ ಅವಳಿಗೆ ಹತ್ತು ವರ್ಷ. ಸ್ಕೂಲಿಗೆ ಹೋಗುವ ಮುಂಚೆ ಒಂದು ಸಲ, ಬಂದಮೇಲೆ ಒಂದು ಸಲ ಸೊಪ್ಪು ಹಾಕುತ್ತಿದ್ದಳು.

ಹುಳು ಸಾಕದವರಿಗೆ ಒಂದು ಮಾತು ಹೇಳಬೇಕು. ಮೊಟ್ಟೆಯಿಂದ ಬಂದ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಆಗ ಮುಟ್ಟಬಾರದು, ತಟ್ಟೆ ಅಲುಗಿಸಬಾರದು. ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಬಿಟ್ಟರೆ ದಿನ ಕಳೆಯುವುದರೊಳಗೆ ತಾನೇ ಎದ್ದು ಸೊಪ್ಪಿಗೆ ಬಾಯಿ ಹಾಕುತ್ತದೆ.

ಮೊಮ್ಮಗಳು ಹಾಗೆ ಕೂರಲು ಶುರು ಮಾಡಿದಳು. ಕೂರುವುದೆಂದರೆ ನಿಂತಲ್ಲೇ. ಸೊಪ್ಪಿನ ಕಡ್ಡಿಗಳ ಕಂತೆ ತೋಳಲ್ಲಿ ಹಿಡಿದವಳು, ಒಂದು ಕಡ್ಡಿ ಹುಳುವಿನ ಮೇಲೆ ಹಾಕಿ ಇನ್ನೊಂದಕ್ಕೆ ಕೈ ಚಾಚಿದವಳು, ಹಾಗೇ ನಿಂತುಬಿಡುತ್ತಿದ್ದಳು. ಕಣ್ಣು ತೆರೆದೇ ಇರುತ್ತಿತ್ತು, ನೋಟ ಇರುತ್ತಿರಲಿಲ್ಲ. ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಏನೂ ಆಗದವಳ ಹಾಗೆ ಚಾಚಿದ ಕೈಯನ್ನೇ ಮುಂದೆ ಮಾಡಿ ಕಡ್ಡಿ ಎತ್ತಿಕೊಳ್ಳುತ್ತಿದ್ದಳು.

"ಏನೇ, ನೀನೂ ಜ್ವರಕ್ಕೆ ಕೂತ್ಯಾ? ಸುಣ್ಣ ಉದುರಿಸ್ಲಾ ನಿನ್ ತಲೆ ಮೇಲೆ?" ಅಂತ ಮೊದಮೊದಲು ನಕ್ಕೆ. ಅವಳೂ ನಗುತ್ತಿದ್ದಳು, ನಾನು ಯಾಕೆ ನಗುತ್ತಿದ್ದೇನೆ ಅಂತ ತಿಳಿಯದೆ.

ನಾಲ್ಕನೇ ಜ್ವರ ಎದ್ದ ಹುಳು ತಿನ್ನುವುದನ್ನು ಕೇಳಿದವರಿಗೆ ಗೊತ್ತು, ಮಳೆ ಬಿದ್ದ ಹಾಗೆ ಸದ್ದು. ಆ ವಾರ ಸೊಪ್ಪು ತಡವಾದರೆ ಗೂಡು ಹಗುರಾಗುತ್ತದೆ. ಅಂಥ ಒಂದು ದಿನ ಅವಳು ಕಂತೆ ಹಿಡಿದು ನಿಂತುಬಿಟ್ಟಳು. ಎರಡು ಸಲ ಕೂಗಿದೆ. ಓಗೊಡಲಿಲ್ಲ. ಹುಳು ತಿಂದು ಬಿಟ್ಟಿದ್ದ ಬೋಳು ಕಡ್ಡಿ ತೆಗೆದು ಮೀನಖಂಡಕ್ಕೆ ಒಂದು ಬಿಟ್ಟೆ. ತಟ್ಟನೆ ಎಚ್ಚರವಾದಳು. ಅದೇ ನನಗೆ ಧೈರ್ಯ ಕೊಟ್ಟಿತು. ಏಟಿಗೆ ಬಗ್ಗುವುದು ಸೋಮಾರಿತನ, ರೋಗವಲ್ಲ ಅಂದುಕೊಂಡೆ. ಅದು ಹತ್ತು ಎಣಿಸುವುದರಲ್ಲಿ ತಾನಾಗಿಯೇ ಬಿಟ್ಟುಹೋಗುವಂಥದ್ದು, ನನ್ನ ಏಟು ಬಿದ್ದರೂ ಬೀಳದಿದ್ದರೂ ಅವಳು ಎಚ್ಚರವಾಗುತ್ತಿದ್ದಳು ಅಂತ ತಿಳಿದದ್ದು ಬಹಳ ತಡವಾಗಿ.

ಎಷ್ಟು ಸಲ ಹೊಡೆದೆ ಅಂತ ಲೆಕ್ಕ ಇಟ್ಟಿಲ್ಲ. ಒಂದು ವರ್ಷ, ಐದಾರು ಬೆಳೆ. ಸ್ಕೂಲಿನ ಟೀಚರು ಒಮ್ಮೆ, "ಹುಡುಗಿ ಪಾಠದಲ್ಲಿ ಇರೋದೇ ಇಲ್ಲ, ಏನೋ ಯೋಚನೆ ಮಾಡ್ತಿರ್ತಾಳೆ" ಅಂದಿದ್ದರು. ಅದನ್ನೂ ಸೇರಿಸಿ ಹೊಡೆದೆ. ಸೊಸೆ ಒಂದು ಭಾನುವಾರ ಮಗಳಿಗೆ ಎಣ್ಣೆ ಹಚ್ಚುವಾಗ ಕಾಲಿನ ಬಾಸುಂಡೆ ನೋಡಿ, "ಇದೇನತ್ತೆ?" ಅಂದಳು. "ಸೊಪ್ಪಿನ ಕಡ್ಡಿ ತರಚಿರ್ಬೇಕು" ಅಂದೆ. ಹುಡುಗಿ ನನ್ನ ಮುಖ ನೋಡಿ, ಇನ್ನೊಂದು ಕಾಲನ್ನು ಎಣ್ಣೆಗೆ ಚಾಚಿದಳು.

ಅದಾಗಿ ಒಂದೆರಡು ದಿನಕ್ಕೆ ಅವಳು ಬಿದ್ದಳು. ಬೆಳಿಗ್ಗೆ, ಅವರಮ್ಮ ಬಸ್ಸಿಗೆ ಹೋದಮೇಲೆ, ಹಲ್ಲುಜ್ಜುತ್ತಿದ್ದವಳು. ಒಂದು ಕೂಗು, ಆ ಕೂಗು ಅವಳದು ಅನ್ನಿಸಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಬಿದ್ದು ಮೈಯೆಲ್ಲ ಸೆಟೆದು, ಆಮೇಲೆ ಕೈಕಾಲು ಒಂದೇ ಸಮನೆ ಒದರಲು ಶುರುವಾಯಿತು. ಬಾಯಲ್ಲಿ ನೊರೆ, ಬಟ್ಟೆ ಒದ್ದೆ. ನಾನು ಬೀಗದ ಕೈ ಗೊಂಚಲು ತಂದು ಕೈಯಲ್ಲಿ ಹಿಡಿಸಿದೆ. ಪಕ್ಕದ ಮನೆಯವಳು, "ಅಯ್ಯೋ ದೇವುಡಾ, ನಾಲಿಗೆ ಕಚ್ಕೊಂತಾಳೆ ಅಕ್ಕಾ!" ಅಂತ ಓಡಿಬಂದು ಹಲ್ಲಿನ ಸಂದಿಗೆ ಚಮಚ ತುರುಕಿದಳು. ಮುಂದಿನ ಹಲ್ಲಿನ ಚೂರು ಹಾರಿಹೋಯಿತು. ಇದರಲ್ಲಿ ಒಂದೂ ಮಾಡಬಾರದಂತೆ. ಪಕ್ಕಕ್ಕೆ ಹೊರಳಿಸಿ, ತಲೆ ಕೆಳಗೆ ಏನಾದರೂ ಮೆತ್ತಗಿರುವುದು ಇಟ್ಟು, ಬಾಯಿಗೆ ಏನನ್ನೂ ಹಾಕದೆ, ಹಿಡಿದು ಅದುಮದೆ, ಗಡಿಯಾರ ನೋಡಿಕೊಂಡು ಪಕ್ಕದಲ್ಲಿ ಇರಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು. ಇದು ಆಮೇಲೆ ಡಾಕ್ಟರು ಹೇಳಿಕೊಟ್ಟದ್ದು. ಅವತ್ತು ಐದು ನಿಮಿಷದೊಳಗೆ ನಿಂತಿರಬೇಕು. ನನಗೆ ಅರ್ಧ ದಿನ ಆದ ಹಾಗಿತ್ತು.

ಸೊಸೆಗೆ ಫೋನು ಮಾಡಿ, ಮಗನ ಜೊತೆ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆವು. ಸೊಸೆ ಫ್ಯಾಕ್ಟರಿಯಿಂದ ನೇರ ಅಲ್ಲಿಗೇ ಬಂದಳು, ಕೊರಳಲ್ಲಿ ಇನ್ನೂ ಅಳತೆ ಪಟ್ಟಿ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನೋಡಿದ್ದು ಯಾರು ಅಂತ ಕೇಳಿದರು. "ನಾನು" ಅಂದೆ. ಬಿದ್ದದ್ದನ್ನು ಚೆನ್ನಾಗಿ ಹೇಳಿದೆ.

"ಎಷ್ಟ್ ಹೊತ್ತು ಅಂತ ಗಡಿಯಾರ ನೋಡಿದ್ರಾ ಅಜ್ಜಿ?"

"ಗಡಿಯಾರ ನೋಡೋ ಹೊತ್ತೇನಮ್ಮ ಅದು?"

ಅವರು ನಕ್ಕು, ಬರೆಯುತ್ತಲೇ ಕೇಳಿದರು: "ಇದಕ್ಕಿಂತ ಮುಂಚೆ ಯಾವಾಗ್ಲಾದ್ರೂ, ಮಾಡ್ತಾ ಇರೋ ಕೆಲಸ ಹಂಗೇ ನಿಲ್ಸಿ, ಒಂದ್ ಕ್ಷಣ ಎಲ್ಲೋ ನೋಡ್ತಾ ನಿಂತ್ಬಿಡೋದು, ಕರೆದ್ರೂ ಕೇಳಿಸ್ದಂಗೆ ಇರೋದು, ಅಂಥದ್ದೇನಾದ್ರೂ ನೋಡಿದೀರಾ?"

ನಮ್ಮ ಹುಳುವಿನ ಮನೆಯ ಮೂಲೆಯಲ್ಲಿ ನಿಂತು ನೋಡಿದವರ ಹಾಗೆ ಕೇಳಿದರು. ಸೊಸೆ ನನ್ನ ಪಕ್ಕದಲ್ಲೇ ಇದ್ದಳು. ಹೌದು ಅಂದರೆ ಆಮೇಲಿನ ಮಾತು ಏನು ಬರುತ್ತದೆ ಅಂತ ನನಗೆ ಗೊತ್ತಿತ್ತು: ಆಗ ನೀವೇನು ಮಾಡಿದ್ರಿ? ಮೀನಖಂಡದ ಬಾಸುಂಡೆ ಇನ್ನೂ ನೀಲಿಯಾಗಿತ್ತು.

"ಇಲ್ಲಮ್ಮ" ಅಂದೆ. "ಅಂಥದ್ದೇನೂ ಇಲ್ಲ. ಚುರುಕು ಹುಡುಗಿ."

ಅವರು ಬರೆದುಕೊಂಡರು. ಆ ಪೆನ್ನು ಓಡಿದ್ದು ನನಗೆ ಈಗಲೂ ಕಾಣುತ್ತದೆ.

ತಲೆಯ ಸ್ಕ್ಯಾನು ಮಾಡಿಸಿದರು, ಏನೂ ಇರಲಿಲ್ಲ. ಒಂದೇ ಸಲ ಬಿದ್ದದ್ದಕ್ಕೆ ಮೂರ್ಛೆ ರೋಗ ಅನ್ನಲು ಆಗುವುದಿಲ್ಲ, ಕಾದು ನೋಡೋಣ, ಅಷ್ಟರಲ್ಲಿ ತಲೆಗೆ ವೈರು ಅಂಟಿಸಿ ಮಾಡುವ ಇಇಜಿ ಅನ್ನುವ ಪರೀಕ್ಷೆಗೆ ಬನ್ನಿ ಅಂತ ಒಂದು ದಿನ ಕೊಟ್ಟರು. ಆ ದಿನ ನಮ್ಮ ಹುಳು ಹಣ್ಣಾಗಿ ನೂಲು ಬಿಡಲು ತಯಾರಾಗಿದ್ದವು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಹಾಳಾಗುತ್ತವೆ. ಅವತ್ತು ಮನೆಯಲ್ಲಿ ಹೆಣ ಬಿದ್ದರೂ ಹುಳು ಆರಿಸಿ ಆಮೇಲೆ ಅಳುವವರು ನಾವು. ಹೋಗಲಿಲ್ಲ. ಮಗ, "ಮುಂದಿನ್ ವಾರ ಹೋಗಣ ಬಿಡಮ್ಮ, ಈಗ ಚೆನ್ನಾಗವ್ಳಲ್ಲ" ಅಂದ. ನಾನು ಹೂಂ ಅಂದೆ. ಮುಂದಿನ ವಾರ ಹೋಗಲಿಲ್ಲ.

ತಿಂಗಳಾಗುವುದರೊಳಗೆ ಅವಳು ಸ್ಕೂಲಿನಲ್ಲಿ ಪ್ರಾರ್ಥನೆಗೆ ನಿಂತವಳು ಮತ್ತೆ ಬಿದ್ದಳು. ಮತ್ತೆ ಚಿಕ್ಕಬಳ್ಳಾಪುರ. ಎರಡು ಸಲ ಬಂದಮೇಲೆ ಇನ್ನು ಕಾಯುವ ಹಾಗಿಲ್ಲ, ಮಾತ್ರೆ ಶುರು ಮಾಡೋಣ ಅಂದರು ಡಾಕ್ಟರು. ಹಳೆಯ ಚೀಟಿ ನೋಡಿ, "ಸುಮ್ನೆ ನಿಂತ್ಬಿಡೋದು ಅಂಥದ್ದು ಇಲ್ಲ ಅಂದಿದ್ರಿ ಅಲ್ವಾ ಅಜ್ಜಿ?" ಅಂತ ಇನ್ನೊಂದು ಸಲ ಕೇಳಿದರು. ದೇವರು ಎರಡನೇ ಸಲ ಬಾಗಿಲು ತೆಗೆದ ಹಾಗೆ. "ಇಲ್ಲ" ಅಂದೆ. ಮೊದಲನೆಯದು ಹೆದರಿಕೆಗೆ ಬಂದ ಸುಳ್ಳು ಅಂತ ಬೇಕಾದರೆ ಹೇಳಿಕೊಳ್ಳಬಹುದು. ಎರಡನೆಯದಕ್ಕೆ ನನ್ನಲ್ಲಿ ಸಬೂಬಿಲ್ಲ.

ಮಾತ್ರೆ ಕೊಡುವ ಕೆಲಸ ನಾನೇ ವಹಿಸಿಕೊಂಡೆ. ಬೆಳಿಗ್ಗೆ ತಿಂಡಿಯಾದಮೇಲೆ ಒಂದು, ರಾತ್ರಿ ಊಟವಾದಮೇಲೆ ಒಂದು. ಒಂದು ಹೊತ್ತೂ ತಪ್ಪಿಸಲಿಲ್ಲ. ತಪ್ಪು ಮಾಡಿದವರ ಕೈ ಇಂಥದ್ದರಲ್ಲಿ ಬಹಳ ಚೊಕ್ಕಟ. ಬೀಳುವುದು ನಿಂತಿತು. ಮನೆಯವರೆಲ್ಲ ಮಾತ್ರೆ ಹಿಡಿಯಿತು ಅಂತ ಸಮಾಧಾನಪಟ್ಟರು. ಚಿಂತಾಮಣಿಯಿಂದ ಬೀಗಿತ್ತಿ ಫೋನು ಮಾಡಿ, ದೇವರಿಗೆ ಹೇಳಿಕೊಂಡಿದ್ದು ಫಲಿಸಿತು ಅಂದಳು.

ಆದರೆ ನಿಂತುಬಿಡುವುದು ಹೆಚ್ಚಾಯಿತು. ಮೊದಲು ದಿನಕ್ಕೆ ಎರಡೋ ಮೂರೋ ನನ್ನ ಕಣ್ಣಿಗೆ ಬೀಳುತ್ತಿತ್ತು. ಈಗ ತಿಂಡಿ ತಿನ್ನುವಷ್ಟರಲ್ಲೇ ಮೂರು. ತುತ್ತು ಬಾಯ ಹತ್ತಿರ ನಿಲ್ಲುತ್ತಿತ್ತು. ಮಾತಿನ ನಡುವೆ ಮಾತು ತುಂಡಾಗುತ್ತಿತ್ತು. ಸೊಸೆ ರಾತ್ರಿ ನೋಡಿ, "ಮಾತ್ರೆ ಮಬ್ಬು ಅತ್ತೆ, ಮೊದಮೊದಲು ನಿದ್ದೆ ಬರತ್ತೆ ಅಂತ ಡಾಕ್ಟ್ರು ಹೇಳಿದ್ರಲ್ಲ" ಅನ್ನುತ್ತಿದ್ದಳು. ಮಬ್ಬಲ್ಲ ಅಂತ ನನಗೆ ಗೊತ್ತು. ಇದು ಮಾತ್ರೆಗಿಂತ ಹಳೆಯದು ಅಂತ ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬೇರೆಯವರೂ ಕಂಡಿರಬಹುದು; ಆದರೆ ಕಂಡು, ಅದಕ್ಕೆ ಸೋಮಾರಿತನ ಅಂತ ಹೆಸರಿಟ್ಟು, ಹೊಡೆದವಳು ನಾನು. ಹೊಡೆಯುವುದನ್ನು ಬಿಟ್ಟಿದ್ದೆ. ಬಿಟ್ಟರೆ ಸರಿಹೋಯಿತು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ದಿನ ಸ್ನಾನದ ನೀರಿನ ಒಲೆಗೆ ಕಡ್ಡಿ ಒಟ್ಟಿ ಊದುಗೊಳವೆ ಅವಳ ಕೈಗೆ ಕೊಟ್ಟೆ. ಹೊಗೆ ನನಗೆ ಆಗುವುದಿಲ್ಲ. ಅವಳು ಉಸಿರು ಕಟ್ಟಿ ಊದಿದಳು, ಊದಿದಳು, ಉರಿ ಹತ್ತಿತು. ಆಮೇಲೆ ಊದುವುದು ನಿಂತಿತು. ಬಾಯಲ್ಲಿ ಕೊಳವೆ ಹಾಗೇ ಇತ್ತು, ಇನ್ನೊಂದು ಕೈ ಉರಿಯ ಪಕ್ಕಕ್ಕೆ ಇಳಿಯಿತು. ಬಟ್ಟೆಯ ತೋಳಿಗೆ ಕಿಡಿ ಹತ್ತಿದ್ದು ನನಗೆ ಕಂಡಿತು, ಅವಳಿಗೆ ಕಾಣಲಿಲ್ಲ. ಚೊಂಬಿನ ನೀರು ಎರಚಿ ಎಳೆದುಕೊಂಡೆ. ಆಗ ಅತ್ತಳು, "ನೀರ್ಯಾಕ್ ಹಾಕ್ದೆ ಅಜ್ಜಿ?" ಅಂತ. ಸುಟ್ಟದ್ದು ಆಮೇಲೆ ಗೊತ್ತಾಯಿತು. ಮಣಿಕಟ್ಟಿನ ಹತ್ತಿರ ಎರಡು ಬೊಬ್ಬೆ, ಅಷ್ಟೇ. ಅಷ್ಟಕ್ಕೇ ಮುಗಿದದ್ದು ನನ್ನ ಪುಣ್ಯವಂತೂ ಅಲ್ಲ.

ಸಾಯಂಕಾಲ ಸೊಸೆ ಬಂದು ಕೈ ಹಿಡಿದು ನೋಡುವ ಮುಂಚೆಯೇ, "ನಾಳೆ ರಜೆ ಹಾಕು, ಚಿಕ್ಕಬಳ್ಳಾಪುರಕ್ಕೆ ಹೋಗಣ" ಅಂದೆ.

"ಯಾಕತ್ತೆ, ಬೊಬ್ಬೆಗೆ ಶಿಡ್ಲಘಟ್ಟದಲ್ಲೇ ತೋರಿಸಬಹುದಲ್ಲ?"

"ಬೊಬ್ಬೆಗಲ್ಲ. ಅಲ್ಲಿ ಹೇಳ್ತೀನಿ, ಬಾ."

ಮನೆಯಲ್ಲೇ ಹೇಳಬಹುದಿತ್ತು. ಡಾಕ್ಟರ ಮುಂದಾದರೆ ಸೊಸೆ ಕೂಗಾಡುವುದಿಲ್ಲ ಅಂತ ಲೆಕ್ಕ ಹಾಕಿದೆ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಡಾಕ್ಟರು ಕೂರಲು ಹೇಳುವ ಮುಂಚೆಯೇ ಶುರು ಮಾಡಿದೆ. "ನಿಮ್ಗೆ ನಾನು ಎರಡ್ ಸಲ ಸುಳ್ ಹೇಳಿದೀನಿ ಕಣಮ್ಮ. ಹುಡುಗಿ ನಿಂತ್ಬಿಡ್ತಾಳೆ. ಬೀಳೋಕೆ ಮುಂಚಿಂದ, ಒಂದು ವರ್ಷದಿಂದ. ನಾನು ಸೋಮಾರಿತನ ಅಂತ ಹೊಡೀತಿದ್ದೆ. ಅದಕ್ಕೇ ಹೇಳ್ಲಿಲ್ಲ. ಈಗ ಜಾಸ್ತಿ ಆಗಿದೆ. ಒಲೆ ಊದಿದ್ರೆ ತಕ್ಷಣ ಬರತ್ತೆ."

ಸೊಸೆ ನನ್ನ ಕಡೆ ತಿರುಗಿ, "ಹೊಡೀತಿದ್ರಾ?" ಅಂದಳು. ಅಷ್ಟೇ.

ಡಾಕ್ಟರು ನನ್ನನ್ನು ಬೈಯಲಿಲ್ಲ. "ಊದಿದ್ರೆ ಬರತ್ತಾ?" ಅಂತ ಅದನ್ನೊಂದನ್ನೇ ಹಿಡಿದುಕೊಂಡರು. ಒಂದು ಕಾಗದದ ಪಟ್ಟಿ ಹರಿದು ಹುಡುಗಿಯ ಮುಖದ ಮುಂದೆ ಹಿಡಿದು, "ಇದು ಹಾರ್ತಾನೇ ಇರ್ಬೇಕು ಪುಟ್ಟಿ, ಜೋರಾಗಿ ಊದ್ತಾ ಇರು, ನಾನು ಹೇಳೋವರೆಗೂ ನಿಲ್ಲಿಸ್ಬಾರ್ದು" ಅಂದರು. ಕಾಗದ ಹಾರಿತು, ಹಾರಿತು. ಎರಡು ನಿಮಿಷವೂ ಆಗಿರಲಿಲ್ಲ, ಕಾಗದ ಕೆಳಗೆ ಇಳಿದು ನಿಂತಿತು. ಹುಡುಗಿ ಕೂತೇ ಇದ್ದಳು. ರೆಪ್ಪೆ ಅದುರುತ್ತಿತ್ತು.

ಸೊಸೆ ಹೆಸರು ಹಿಡಿದು ಕೂಗಿದಳು. ಭುಜ ಹಿಡಿದು ಅಲುಗಿಸಿದಳು. "ಕಣ್ಣು ಬಿಟ್ಕೊಂಡೇ ಇದಾಳಲ್ಲ! ಕೇಳ್ತಿಲ್ವಾ ಇವ್ಳಿಗೆ?" ಅಂದಳು. ಅಷ್ಟರಲ್ಲಿ ಕಾಗದ ಮತ್ತೆ ಹಾರಿತು.

"ಇದೂ ಫಿಟ್ಸೇ" ಅಂದರು ಡಾಕ್ಟರು. "ಬೀಳೋದೊಂದೇ ಫಿಟ್ಸ್ ಅಲ್ಲ. ಈ ಥರದ್ದು ಜೋರಾಗಿ ಉಸಿರು ಬಿಡ್ತಾ ಇದ್ರೆ ಬರತ್ತೆ. ಮೆದುಳಲ್ಲಿ ಕರೆಂಟು ಒಂದ್ ಗಳಿಗೆ ತಪ್ಪಾಗಿ ಹರಿಯತ್ತೆ. ಆ ಹೊತ್ತು ಈ ಮಗುಗೆ ನಾವು ಕೂಗಿದ್ದು ಕೇಳ್ಸಲ್ಲ, ಆಮೇಲೆ ನೆನಪೂ ಇರಲ್ಲ."

ಅವತ್ತೇ ಇಇಜಿ ಮಾಡಿಸಿದರು. ತಲೆಯ ತುಂಬ ಅಂಟು ಹಚ್ಚಿ ವೈರು ಕೂರಿಸಿದರು. ನೋವಿಲ್ಲ, ಕರೆಂಟು ಹೊಡೆಯುವುದಿಲ್ಲ. ಬರೀ ನೋಡುವ ಯಂತ್ರ. ಗೆರೆಗಳು ಸಣ್ಣಗೆ ಓಡುತ್ತಿದ್ದವು. ಅವಳು ಊದಿದಮೇಲೆ ಎಲ್ಲಾ ಗೆರೆಯೂ ಒಟ್ಟಿಗೆ ಎದ್ದು ಎದ್ದು ಕುಣಿದವು. ನನ್ನ ನಾಲ್ಕನೇ ಕ್ಲಾಸಿನ ಓದಿಗೂ ಅದು ಓದಲು ಬಂತು.

ಆಮೇಲೆ ಡಾಕ್ಟರು ಹೇಳಿದರು, "ನಾನು ಕೊಟ್ಟಿದ್ ಮಾತ್ರೆ ಬೀಳೋ ಫಿಟ್ಸ್‌ಗೆ ಒಳ್ಳೇದೇ. ಆದ್ರೆ ಈ ಥರ ನಿಂತ್ಬಿಡೋದನ್ನ ಕೆಲವ್ರಲ್ಲಿ ಜಾಸ್ತಿ ಮಾಡತ್ತೆ. ಇದು ಇದೆ ಅಂತ ಗೊತ್ತಿದ್ರೆ ಆ ಮಾತ್ರೆ ಬರೀತಿರ್ಲಿಲ್ಲ. ಎರಡಕ್ಕೂ ಆಗೋ ಬೇರೆ ಮಾತ್ರೆ ಇದೆ."

"ಅಂದ್ರೆ ನನ್ನಿಂದ ಆಗಿದ್ದು" ಅಂದೆ.

"ಇಇಜಿ ಇಲ್ದೆ ಶುರು ಮಾಡಿದ್ದು ನನ್ ತಪ್ಪೂ ಹೌದಲ್ಲ ಅಜ್ಜಿ."

ಒಳ್ಳೆಯ ಹೆಂಗಸು, ಪಾಲು ತೆಗೆದುಕೊಳ್ಳಲು ಬಂದರು. ನಾನು ಕೊಡಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಬಂದಿದ್ದರೆ ಅವರ ಕೈ ಬೇರೆ ಮಾತ್ರೆ ಬರೆಯುತ್ತಿತ್ತು. ಹಳೆಯ ಮಾತ್ರೆಯನ್ನು ಒಂದೇ ಸಲಕ್ಕೆ ನಿಲ್ಲಿಸಬಾರದು, ಹೊಸದನ್ನು ಏರಿಸುತ್ತ ಅದನ್ನು ಇಳಿಸುತ್ತ ಬರಬೇಕು ಅಂತ ಚೀಟಿಯಲ್ಲಿ ವಾರವಾರಕ್ಕೂ ಬರೆದುಕೊಟ್ಟರು. ನಿದ್ದೆ ಕೆಡಿಸಬೇಡಿ, ಒಲೆ ಮುಂದೆ, ಬಾವಿ ಹತ್ತಿರ ಒಬ್ಬಳನ್ನೇ ಬಿಡಬೇಡಿ, ಉಳಿದಂತೆ ಎಲ್ಲ ಮಕ್ಕಳ ಹಾಗೆ ಓಡಾಡಲಿ ಅಂದರು. ಆ ಚೀಟಿಯನ್ನು ಸೊಸೆ ತೆಗೆದುಕೊಂಡಳು. ನಾನು ಕೈ ಚಾಚಿದ್ದೆ. ಅವಳು ನೋಡದವಳ ಹಾಗೆ ಬ್ಯಾಗಿಗೆ ಹಾಕಿಕೊಂಡಳು. ಅವತ್ತಿಂದ ಮಾತ್ರೆ ಕೊಡುವುದು ಅವಳೇ.

ಬಸ್ಸಿನಲ್ಲಿ ಹುಡುಗಿ ಕಿಟಕಿಗೆ ತಲೆ ಕೊಟ್ಟು ಮಲಗಿದಮೇಲೆ ಸೊಸೆ ಒಂದೇ ಮಾತು ಅಂದಳು. "ಹುಳದ ಮೇಲೆ ಸುಣ್ಣ ಉದುರಿಸೋವಾಗ ನಿಮ್ ಕೈ ಎಷ್ಟು ಮೆತ್ತಗಿರತ್ತೆ ಅತ್ತೆ."

ಮಗ ಮನೆಯಲ್ಲಿ ಕೂಗಾಡಿದ. ಅದು ಎರಡು ದಿನಕ್ಕೆ ಮುಗಿಯಿತು. ಸೊಸೆಯ ಆ ಮಾತು ಮುಗಿಯಲಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಈಗ ಅಡುಗೆ, ಊಟ, ಮಾತು ಎಲ್ಲಾ ಇದೆ. ಮಗಳನ್ನು ಮಾತ್ರ ನನ್ನ ಪಾಲಿಗೆ ಬಿಟ್ಟು ಹೋಗುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ ಹೋಗುತ್ತಾಳೆ.

ಹೊಸ ಮಾತ್ರೆ ಹಿಡಿಯಲು ಎರಡು ಮೂರು ತಿಂಗಳು ಬೇಕಾಯಿತು. ದಿನಕ್ಕೆ ಇಪ್ಪತ್ತು ಸಲ ನಿಂತುಬಿಡುತ್ತಿದ್ದದ್ದು ಹತ್ತಾಯಿತು, ಎರಡಾಯಿತು, ಆಮೇಲೆ ನಾನು ಕಾದು ಕೂತರೂ ಕಾಣಲಿಲ್ಲ. ಮತ್ತೆ ಬೀಳಲಿಲ್ಲ. ಇನ್ನೂ ಕೆಲವು ವರ್ಷ ಮಾತ್ರೆ ಬೇಕು, ಆಮೇಲೆ ಡಾಕ್ಟರೇ ನೋಡಿ ಹೇಳುತ್ತಾರಂತೆ. ಟೀಚರು, ಹುಡುಗಿ ಈಗ ಕೈ ಎತ್ತಿ ಉತ್ತರ ಹೇಳ್ತಾಳೆ ಅಂದರು. ಹಾಳಾದ ಒಂದೂವರೆ ವರ್ಷದ ಲೆಕ್ಕ ಇನ್ನೂ ಅವಳಿಗೆ ಕಷ್ಟವೇ. ಭಿನ್ನರಾಶಿ ಹೇಳಿಕೊಟ್ಟ ದಿನಗಳಲ್ಲಿ ಅವಳು ಅಲ್ಲಿ ಇರಲಿಲ್ಲ.

ಹೋದ ಬೆಳೆಯಲ್ಲಿ ಗೂಡು ಬಿಡಿಸುತ್ತ ಕೂತಿದ್ದೆವು, ಅವಳೂ ನಾನೂ. ಅವಳಿಗೆ ಈಗ ಹನ್ನೆರಡು. ಚಂದ್ರಿಕೆಯಿಂದ ಗೂಡು ಕಿತ್ತು ಬುಟ್ಟಿಗೆ ಹಾಕುತ್ತ ಇದ್ದಕ್ಕಿದ್ದಂತೆ, "ಅಜ್ಜಿ, ಒಂದು ಹೇಳ್ಲಾ? ಬೈಬಾರ್ದು" ಅಂದಳು.

"ಹೇಳೇ."

"ನಂಗೆ ನಿಂತ್ಕೊಂಡಿದ್ದು ಗೊತ್ತೇ ಆಗ್ತಿರ್ಲಿಲ್ಲ. ಸೊಪ್ಪು ಹಾಕ್ತಿರ್ತಿದ್ದೆ, ಹಾಕ್ತಾನೇ ಇದೀನಿ ಅನ್ಕೊಂಡಿರ್ತಿದ್ದೆ, ಕಾಲಿಗೆ ಏಟು. ನೀನು ಸುಮ್ಸುಮ್ನೆ ಹೊಡೀತೀಯ ಅನ್ಕೊಂಡಿದ್ದೆ."

ನಾನು ಈವರೆಗೆ ನನ್ನ ಕಡೆಯಿಂದಲೇ ನೋಡಿದ್ದೆ. ರೋಗವನ್ನು ಸೋಮಾರಿತನ ಅಂದುಕೊಂಡೆ, ಅದಕ್ಕೆ ಹೊಡೆದೆ, ಅಂತ. ಅವಳ ಕಡೆಯಿಂದ ಅಲ್ಲಿ ಸೋಮಾರಿತನವೂ ಇರಲಿಲ್ಲ, ನಿಂತದ್ದೂ ಇರಲಿಲ್ಲ. ಬರೀ ಏಟು ಇತ್ತು.

"ಮತ್ತೆ ನಿಮ್ಮಮ್ಮಂಗೆ ಯಾಕೆ ಹೇಳ್ಲಿಲ್ಲ?" ಅಂದೆ.

"ಏನಂತ ಹೇಳ್ಲಿ? ಅಜ್ಜಿ ಅಂದ್ರೆ ಹಂಗೇ ಇರ್ತಾರೇನೋ ಅನ್ಕೊಂಡಿದ್ದೆ."

ನಮ್ಮ ಕಡೆ ದೊಡ್ಡವರು ಮಕ್ಕಳ ಹತ್ತಿರ ತಪ್ಪಾಯಿತು ಅನ್ನುವ ರೂಢಿಯಿಲ್ಲ. ನಮ್ಮಮ್ಮ ನನಗೆ ಅಂದಿಲ್ಲ, ನಾನು ನನ್ನ ಮಗನಿಗೆ ಅಂದಿಲ್ಲ. ಅಂದೆ. "ತಪ್ಪು ನಂದು ಕಣೇ. ಹೊಡೆದಿದ್ದೂ ತಪ್ಪು, ಮುಚ್ಚಿಟ್ಟಿದ್ದು ಅದಕ್ಕಿಂತ ತಪ್ಪು."

"ಗೊತ್ತು" ಅಂದಳು.

ಪರವಾಗಿಲ್ಲ ಅನ್ನಲಿಲ್ಲ. ನಾನೂ ಅದನ್ನು ಕೇಳಲಿಲ್ಲ. ಅವಳು ಖಾಲಿಯಾದ ಚಂದ್ರಿಕೆ ಎತ್ತಿ ಗೋಡೆಗೆ ಒರಗಿಸಿ ಇನ್ನೊಂದನ್ನು ನಮ್ಮಿಬ್ಬರ ನಡುವೆ ಎಳೆದುಕೊಂಡಳು.